ಎರಡನೇ ಗೆರೆ ಮತ್ತು ವಿವಿ ಸಾಗರದ ಕೋಡಿ

‘ಅಕ್ಕಾ, ಗೆರೆ ಬಿದ್ದೈತೆ. ಆದ್ರೆ ಬಿದ್ದಂಗೂ ಇಲ್ಲ.’

ಹಿರಿಯೂರು ಬಳಿಯ ಬಬ್ಬೂರಿನಂಥ ಊರಿನಲ್ಲಿ ಆಶಾ ಕಾರ್ಯಕರ್ತೆಯ ಮೊಬೈಲಿಗೆ ಬೆಳಗಿನ ಜಾವ ಬರುವ ಮಾತು ಇಂಥದ್ದು. ಅದರ ಹಿಂದೆಯೇ ಒಂದು ಫೋಟೊ. ಬಚ್ಚಲಿನ ಮಂದ ಬಲ್ಬಿನ ಕೆಳಗೆ ತೆಗೆದದ್ದು. ಬಿಳಿ ಪ್ಲಾಸ್ಟಿಕ್ ಕಾರ್ಡು, ನಡುವೆ ಪುಟ್ಟ ಕಿಟಕಿ, ‘ಸಿ’ ಅಕ್ಷರದ ಎದುರು ಢಾಳಾದ ಗುಲಾಬಿ ಗೆರೆ, ‘ಟಿ’ ಎದುರು ಇದೆಯೋ ಇಲ್ಲವೋ ಅನ್ನುವಂಥ ಒಂದು ನೆರಳು. ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದರೂ, ಪರದೆಯ ಬೆಳಕು ಹೆಚ್ಚಿಸಿ ನೋಡಿದರೂ ನೆರಳು ನೆರಳೇ. ಆಚೆ ಕಡೆ ಕಾಯುತ್ತಿರುವವಳಿಗೆ ಬೇಕಿರುವುದು ಹೌದು ಅಥವಾ ಇಲ್ಲ. ಗಂಡ ಬಾಗಿಲಾಚೆ ನಿಂತಿದ್ದಾನೆ. ಅತ್ತೆಗೆ ಇನ್ನೂ ಹೇಳಿಲ್ಲ, ಆದರೆ ಅತ್ತೆಗೆ ಆಗಲೇ ಗುಮಾನಿ ಬಂದಿದೆ.

ಹಿರಿಯೂರಿನ ಯಾವ ಮೆಡಿಕಲ್ ಶಾಪಿನಲ್ಲಾದರೂ ಈ ಕಾರ್ಡು ಐವತ್ತು ಅರವತ್ತು ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ. ಕೇಳುವವರು ದನಿ ತಗ್ಗಿಸಿ ಕೇಳುತ್ತಾರೆ, ಕೊಡುವವರು ಕಪ್ಪು ಕವರಿನಲ್ಲಿ ಹಾಕಿ ಕೊಡುತ್ತಾರೆ. ಕಪ್ಪು ಕವರು ಕಂಡರೆ ಒಳಗೇನಿದೆ ಅಂತ ಬಸ್ ಸ್ಟ್ಯಾಂಡಿಗೆಲ್ಲ ಗೊತ್ತಾಗುತ್ತದೆ ಅನ್ನುವುದು ಬೇರೆ ಮಾತು. ದುಡ್ಡು ಕೊಡದೆಯೂ ಸಿಗುವ ಕಾರ್ಡೊಂದಿದೆ, ಹೆಸರು ‘ನಿಶ್ಚಯ್’. ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಆಶಾ ಕಾರ್ಯಕರ್ತೆಯರ ಚೀಲಕ್ಕೆ ಬಂದದ್ದು. ಪೊಟ್ಟಣದೊಳಗೆ ಒಂದು ಕಾರ್ಡು, ಒಂದು ಪುಟ್ಟ ಡ್ರಾಪರ್, ತೇವ ಹೀರುವ ಒಂದು ಸಣ್ಣ ಪುಡಿಕೆ. ಹೆಸರೇನೋ ನಿಶ್ಚಯ. ಕೈಗೆ ಬರುವುದು ಮಾತ್ರ ಎಷ್ಟೋ ಸಲ ಅನಿಶ್ಚಯ. ಅದಕ್ಕೆ ಬಹುಪಾಲು ಕಾರ್ಡು ಕಾರಣವಲ್ಲ, ದಿನ ಕಾರಣ. ಮಾತು ಅಷ್ಟೇ, ಆದರೆ ಅದನ್ನು ಬಿಡಿಸಿ ಹೇಳದಿದ್ದರೆ ಬೆಳಗಿನ ಜಾವದ ಆ ಫೋಟೊಗಳು ನಿಲ್ಲುವುದಿಲ್ಲ.

ಕಾರ್ಡಿನೊಳಗೆ ನಡೆಯುವುದನ್ನು ಈಗ ವಿವರಿಸುವುದು ಹಿಂದಿನಷ್ಟು ಕಷ್ಟವಲ್ಲ. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡವರೆಲ್ಲ ಇಂಥದ್ದೇ ಕಾರ್ಡನ್ನು, ಇದೇ ಸಿ ಮತ್ತು ಟಿ ಅಕ್ಷರಗಳನ್ನು ನೋಡಿದ್ದಾರೆ. ಅಲ್ಲಿ ಹುಡುಕಿದ್ದು ವೈರಾಣುವನ್ನು, ಇಲ್ಲಿ ಹುಡುಕುವುದು ಎಚ್‌ಸಿಜಿ ಎಂಬ ಹಾರ್ಮೋನನ್ನು. ಗರ್ಭಕೋಶದ ಗೋಡೆಗೆ ಭ್ರೂಣ ಅಂಟಿಕೊಂಡ ಮೇಲೆ, ಮುಂದೆ ಮಾಸು ಆಗಲಿರುವ ಜೀವಕೋಶಗಳು ಇದನ್ನು ಸುರಿಸಲು ಶುರು ಮಾಡುತ್ತವೆ. ತಾಯಿಯ ರಕ್ತಕ್ಕೆ ಬಂದದ್ದು ಮೂತ್ರಕ್ಕೂ ಇಳಿಯುತ್ತದೆ. ಕಾರ್ಡಿನ ಗುಂಡಿಗೆ ಎರಡು ಮೂರು ಹನಿ ಮೂತ್ರ ಹಾಕಿದಾಗ ಅದು ಒಳಗಿನ ಪಟ್ಟಿಯುದ್ದಕ್ಕೂ, ಪಂಚೆಯ ಅಂಚು ನೀರಿಗೆ ತಾಗಿದಾಗ ನೀರೇರುವಂತೆ, ಮುಂದಕ್ಕೆ ಹರಿಯುತ್ತದೆ. ದಾರಿಯಲ್ಲಿ ಬಣ್ಣದ ಕಣ ಹೊತ್ತ ಪ್ರತಿಕಾಯಗಳು ಎಚ್‌ಸಿಜಿ ಸಿಕ್ಕರೆ ಹಿಡಿದುಕೊಳ್ಳುತ್ತವೆ. ಟಿ ಗೆರೆಯಲ್ಲಿ ಮೊದಲೇ ಕೂರಿಸಿಟ್ಟ ಇನ್ನೊಂದು ಪ್ರತಿಕಾಯ ಅದನ್ನು ಮತ್ತೊಂದು ಕಡೆಯಿಂದ ಹಿಡಿದು ನಿಲ್ಲಿಸುತ್ತದೆ. ಹಾಗೆ ನಿಂತ ಕಣಗಳ ಸಾಲೇ ನಮ್ಮ ಕಣ್ಣಿಗೆ ಗೆರೆ. ಸಿ ಗೆರೆಗೆ ಎಚ್‌ಸಿಜಿಯ ಹಂಗಿಲ್ಲ. ಮೂತ್ರ ಕೊನೆಯವರೆಗೆ ಹರಿಯಿತು, ಬಣ್ಣ ಕೆಲಸ ಮಾಡಿತು ಎನ್ನುವುದಕ್ಕಷ್ಟೇ ಅದು ಸಾಕ್ಷಿ. ಸಿ ಬೀಳದ ಕಾರ್ಡನ್ನು ತಿಪ್ಪೆಗೆ ಎಸೆಯಬೇಕು. ಅದರಲ್ಲಿ ಟಿ ಬಿದ್ದಿದ್ದರೂ ಅಷ್ಟೇ.

ಆ ಗುಲಾಬಿ ಬಣ್ಣ ಬಹುತೇಕ ಕಾರ್ಡುಗಳಲ್ಲಿ ಚಿನ್ನದ್ದು. ಕಣ್ಣಿಗೆ ಕಾಣದಷ್ಟು ಸಣ್ಣಗೆ ಒಡೆದ ಚಿನ್ನ ಹಳದಿಯಾಗಿ ಉಳಿಯುವುದಿಲ್ಲ, ಕೆಂಪಾಗುತ್ತದೆ. ಅರವತ್ತು ರೂಪಾಯಿಯ ಕಾರ್ಡಿನಲ್ಲಿ ಚಿನ್ನ ಎಷ್ಟಿದ್ದೀತು ಅಂತ ಲೆಕ್ಕ ಹಾಕಲು ಹೋಗಬೇಡಿ.

ಈಗ ಮಸುಕು ಗೆರೆಗೆ ಬರೋಣ. ಇದಕ್ಕೆ ನಮ್ಮ ಸೀಮೆಯವರಿಗೆ ದೂರದ ಉದಾಹರಣೆ ಬೇಡ. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ ಇದೆಯಲ್ಲ, ಅದರ ಪೂರ್ಣ ಮಟ್ಟ 130 ಅಡಿ. ಅದು 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷ ಕಳೆದ ಮೇಲೆ. ಊರೂರಿನಿಂದ ಜನ ಟ್ರ್ಯಾಕ್ಟರ್ ಮಾಡಿಕೊಂಡು ನೋಡಲು ಹೋದರು. ನಡುವಿನ ಅಷ್ಟೂ ವರ್ಷ ಕೋಡಿ ಒಣಗಿತ್ತು. ಹಾಗಂತ ಡ್ಯಾಮಿನಲ್ಲಿ ನೀರೇ ಇಲ್ಲ ಅಂತ ಯಾರೂ ಹೇಳಲಿಲ್ಲ, ಹಿರಿಯೂರು ಚಿತ್ರದುರ್ಗಗಳು ಅದೇ ನೀರು ಕುಡಿದವು. ಕೋಡಿಗೆ ಗೊತ್ತಿರುವುದು ಒಂದೇ, ನೀರು ನನ್ನ ಎತ್ತರ ದಾಟಿತೋ ಇಲ್ಲವೋ.

ಕಾರ್ಡೂ ಕೋಡಿಯೇ, ಮಟ್ಟ ಅಳೆಯುವ ಗೇಜು ಅಲ್ಲ. ನಮ್ಮಲ್ಲಿ ಸಿಗುವ ಅನೇಕ ಕಾರ್ಡುಗಳ ಎತ್ತರ, ಒಂದು ಮಿಲಿಲೀಟರ್ ಮೂತ್ರದಲ್ಲಿ 25 ಮಿಲಿ ಯೂನಿಟ್ ಎಚ್‌ಸಿಜಿ. ಭ್ರೂಣ ಅಂಟಿಕೊಳ್ಳುವುದು ಅಂಡ ಬಿಡುಗಡೆಯಾದ ಆರರಿಂದ ಹನ್ನೆರಡನೆಯ ದಿನದೊಳಗೆ, ಹೆಚ್ಚಿನವರಲ್ಲಿ ಎಂಟು, ಒಂಬತ್ತು, ಹತ್ತನೇ ದಿನ. ಅಂಟಿದ ಮೇಲೆ ಹಾರ್ಮೋನು ಎರಡು ಮೂರು ದಿನಕ್ಕೊಮ್ಮೆ ದುಪ್ಪಟ್ಟಾಗುತ್ತ ಹೋಗುತ್ತದೆ. ಲೆಕ್ಕ ಹಾಕಿ ನೋಡಿ. ಸೋಮವಾರ ಬೆಳಿಗ್ಗೆ 10 ಇದ್ದರೆ ಕಾರ್ಡು ಬಿಳಿ. ಬುಧವಾರ 20, ಆಗ ನೆರಳು. ಶುಕ್ರವಾರ 40, ಗೆರೆ. ಹೆಂಗಸು ಅವಳೇ, ಬಸಿರೂ ಅದೇ, ಕಾರ್ಡಿನ ಕಂಪನಿಯೂ ಅದೇ. ಬದಲಾದದ್ದು ದಿನ ಮಾತ್ರ. ಮುಟ್ಟು ಬರಬೇಕಾದ ದಿನಕ್ಕೆ ನಾಲ್ಕು ದಿನ ಮೊದಲೇ ನೋಡಿಕೊಂಡು ‘ಇಲ್ಲ’ ಅಂತ ಅತ್ತವರು, ವಾರ ಬಿಟ್ಟು ನೋಡಿ ನಕ್ಕ ಕತೆಗಳ ಗುಟ್ಟು ಇಷ್ಟೇ. ಮಟ್ಟವೇ ಬೇಕು ಅನ್ನುವವರಿಗೆ ರಕ್ತಪರೀಕ್ಷೆಯಿದೆ, ಬೀಟಾ ಎಚ್‌ಸಿಜಿ ಅಂತ. ಅದು ಗೇಜು. ಅದರಲ್ಲೂ ಒಂದು ಸಲದ ಅಂಕಿಯಿಂದ ಹೆಚ್ಚೇನೂ ತಿಳಿಯದು. ನಾಲ್ಕನೇ ವಾರದಲ್ಲಿ ಅದು 5ರಿಂದ 400ರ ಮೇಲಿನವರೆಗೆ ಎಲ್ಲಿ ಬೇಕಾದರೂ ಇರಬಹುದು. 48 ಗಂಟೆ ಬಿಟ್ಟು ಇನ್ನೊಮ್ಮೆ ನೋಡಿ, ಏರುತ್ತಿದೆಯೋ ಇಳಿಯುತ್ತಿದೆಯೋ ಅನ್ನುವುದರ ಮೇಲೆ ಡಾಕ್ಟರು ಮಾತಾಡುತ್ತಾರೆ.

ಆದ್ದರಿಂದ ಮೊದಲ ಮಾತು. ಹೇಳಿದ ಹೊತ್ತಿನೊಳಗೆ ಬಿದ್ದ ಗೆರೆ, ಎಷ್ಟೇ ಮಸುಕಾಗಿರಲಿ, ಗುಲಾಬಿ ಬಣ್ಣ ಅದರಲ್ಲಿದ್ದರೆ ಅದು ಗೆರೆಯೇ. ಕಡು ಗೆರೆ ಗಟ್ಟಿ ಬಸಿರು, ತಿಳಿ ಗೆರೆ ಅರ್ಧ ಬಸಿರು ಅಂತ ಇಲ್ಲ.

ಆದರೆ ಬಣ್ಣವಿಲ್ಲದ ಇನ್ನೊಂದು ಗೆರೆಯಿದೆ, ಮನೆಗಳಲ್ಲಿ ಜಗಳ ಹಚ್ಚುವುದು ಅದೇ. ಕಾರ್ಡನ್ನು ಐದು ನಿಮಿಷಕ್ಕೆ ನೋಡಬೇಕು ಎಂದಿರುತ್ತದೆ. ಹಾಲು ಕಾಯಿಸಲು, ಮಗುವನ್ನು ಸ್ಕೂಲಿಗೆ ಹೊರಡಿಸಲು ಹೋದವಳು ಮರೆತು ಮಧ್ಯಾಹ್ನ ಬಂದು ನೋಡುತ್ತಾಳೆ. ಅಷ್ಟರಲ್ಲಿ ಮೂತ್ರ ಒಣಗಿ, ಟಿ ಇರುವ ಜಾಗದಲ್ಲಿ ಬೂದು ಬಣ್ಣದ, ನೀರು ಒಣಗಿದ ಕಲೆಯಂಥ ಗುರುತು ಎದ್ದಿರುತ್ತದೆ. ಸುಣ್ಣ ಬಳಿದ ಗೋಡೆಯಲ್ಲಿ ಮಳೆ ನಿಂತ ಮೇಲೆ ಕಾಣುವ ಅಂಚಿನಂತೆ. ಅದು ಉತ್ತರವಲ್ಲ. ಬೆಳಿಗ್ಗೆ ‘ಇಲ್ಲ’ ಅಂದಿದ್ದ ಕಾರ್ಡನ್ನು ಸಂಜೆ ಕಸದ ಬುಟ್ಟಿಯಿಂದ ಎತ್ತಿ ‘ಹೌದು’ ಅನ್ನಿಸಿಕೊಳ್ಳುವುದು ಬೇಡ. ನೋಡಿದ ಮೇಲೆ ಬಿಸಾಕಿ.

ಕಾರ್ಡು ತಪ್ಪು ಹೇಳಲು ಬಿಸಿಲು ಇನ್ನೊಂದು ಕಾರಣ. ಕಾರ್ಡನ್ನು ಸಾಮಾನ್ಯವಾಗಿ 30 ಡಿಗ್ರಿಯೊಳಗೆ ಇಡಬೇಕು ಅಂತ ಪೊಟ್ಟಣದ ಮೇಲೆ ಅಚ್ಚಾಗಿರುತ್ತದೆ. ನಮ್ಮ ಬಯಲುಸೀಮೆಯ ಏಪ್ರಿಲ್‌ನಲ್ಲಿ ಶೀಟಿನ ಮನೆಯೊಳಗೆ, ಗಾಡಿಯ ಡಿಕ್ಕಿಯಲ್ಲಿ ಎಷ್ಟು ಇರುತ್ತದೆಂದು ಹೇಳಬೇಕಿಲ್ಲ. ಬಿಸಿಲಿನಂತೆ ತೇವವೂ ಕಾರ್ಡನ್ನು ಕೆಡಿಸುತ್ತದೆ, ತೇವ ಹೀರುವ ಪುಡಿಕೆ ಇರುವುದು ಅದಕ್ಕೇ, ಪೊಟ್ಟಣ ಹರಿದ ಕೂಡಲೇ ಕಾರ್ಡು ಬಳಸಬೇಕು. ಇನ್ನು, ಎದ್ದ ಕೂಡಲೇ ಒಂದು ಚೊಂಬು ನೀರು ಕುಡಿಯುವ ಒಳ್ಳೆಯ ಅಭ್ಯಾಸವಿರುವವರು ಅದೊಂದು ದಿನ ಅದನ್ನು ಮುಂದೂಡಿದರೆ ಸರಿ. ರಾತ್ರಿಯೆಲ್ಲ ಕಟ್ಟಿಕೊಂಡ ಮೂತ್ರದಲ್ಲಿ ಹಾರ್ಮೋನು ಗಟ್ಟಿಯಾಗಿರುತ್ತದೆ, ನೀರು ಕುಡಿದರೆ ತೆಳುವಾಗುತ್ತದೆ. ತಿಂಗಳುಗಟ್ಟಲೆ ದಿನ ದಾಟಿದ ಮೇಲೆ ನೋಡಿಕೊಳ್ಳುವವರಲ್ಲಿ ಅಪರೂಪಕ್ಕೆ ಇದರ ತಿರುಗುಮುರುಗೂ ಆಗುತ್ತದೆ. ಹಾರ್ಮೋನು ಅತಿಯಾಗಿ, ಎರಡೂ ಕಡೆಯ ಪ್ರತಿಕಾಯಗಳು ಬೇರೆ ಬೇರೆಯಾಗಿ ತುಂಬಿ ಹೋಗಿ, ಜೋಡಣೆಯೇ ಆಗದೆ ಗೆರೆ ಮಂಕಾಗುತ್ತದೆ. ಅಂಥ ಕಡೆ ಮೂತ್ರಕ್ಕೆ ನೀರು ಬೆರೆಸಿ ನೋಡಿದರೆ ಗೆರೆ ಢಾಳಾಗುತ್ತದೆ.

ಕಾರ್ಡಿನ ಸುದ್ದಿ ಸಾಕು. ಕಾರ್ಡಿಗಿಂತ ಹಳೆಯದು ಮೈಯ ಸುದ್ದಿ.

‘ಒಗ್ಗರಣೆ ವಾಸನೆ ಆಗ್ತಿಲ್ಲ’, ‘ಎದೆ ಮುಟ್ಟಿದ್ರೆ ನೋವು’, ‘ಕೂತಲ್ಲೇ ತೂಕಡಿಕೆ’, ‘ಗಳಿಗೆಗೊಂದ್ಸಲ ಒಂದಕ್ಕೆ ಹೋಗಂಗಾಗ್ತೈತೆ’. ಇವೆಲ್ಲ ಬಸಿರಿನ ಮೊದಲ ಗುರುತುಗಳು, ನಿಜ. ತೊಡಕು ಏನೆಂದರೆ ಇವುಗಳಲ್ಲಿ ಅರ್ಧ ಮುಟ್ಟಿನ ಮುಂಚಿನ ಗುರುತುಗಳೂ ಹೌದು. ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನು, ಬಸಿರು ನಿಲ್ಲಲಿ ಬಿಡಲಿ, ಹೇಗೂ ಏರುತ್ತದೆ. ಎದೆ ಬಿಗಿಯುವುದು, ಹೊಟ್ಟೆ ಉಬ್ಬುವುದು, ಸಣ್ಣದಕ್ಕೂ ಅಳು ಬರುವುದು ಅದರ ಕೆಲಸ. ಬಸಿರಿಗಾಗಿ ಐದು ವರ್ಷದಿಂದ ಕಾಯುತ್ತಿರುವವಳು ಪ್ರತಿ ತಿಂಗಳೂ ಈ ಹದಿನಾಲ್ಕು ದಿನ ತನ್ನ ಮೈಯನ್ನೇ ಗೂಢಚಾರನಂತೆ ನೋಡುತ್ತ ಕೂರುತ್ತಾಳೆ, ಮೈ ಪ್ರತಿ ತಿಂಗಳೂ ಅದೇ ಸಾಕ್ಷಿ ಹೇಳುತ್ತದೆ. ಅವಳಿಗೆ ‘ನಿಂಗೆ ಲಕ್ಷಣ ಕಾಣ್ತೈತೆ ಕಣೆ’ ಅಂತ ಹೇಳುವ ನೆರೆಮನೆಯವರು ಒಳ್ಳೆಯವರೇ ಇರಬಹುದು, ಆದರೆ ಬಾಯಿ ಮುಚ್ಚಿಕೊಂಡರೆ ಇನ್ನೂ ಒಳ್ಳೆಯವರು.

ಸುಸ್ತನ್ನಂತೂ ನಮ್ಮ ನಾಡಿನಲ್ಲಿ ಬಸಿರಿನ ಗುರುತು ಅಂತ ಹಿಡಿಯುವುದೇ ಕಷ್ಟ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಅರ್ಧಕ್ಕೆ ಹತ್ತಿರ ಜನಕ್ಕೆ ರಕ್ತಹೀನತೆ. ಈರುಳ್ಳಿ ಹೊಲದಲ್ಲಿ ಬಗ್ಗಿ ಕಳೆ ತೆಗೆದು ಬಂದವಳಿಗೆ ಕೂತಲ್ಲೇ ನಿದ್ದೆ ಬರಲು ಬಸಿರೇ ಆಗಬೇಕೆಂದಿಲ್ಲ. ಮಣ್ಣು, ಬೂದಿ, ಹಸಿ ಅಕ್ಕಿ ತಿನ್ನುವ ಚಪಲವನ್ನು ಬಯಕೆ ಅಂತ ನಾವು ನಗುತ್ತೇವೆ. ಎಷ್ಟೋ ಸಲ ಅದು ಕಬ್ಬಿಣಾಂಶ ಇಲ್ಲದ ಮೈಯ ಕೂಗು. ವಾಂತಿ ಮಾತ್ರ ಸ್ವಲ್ಪ ನಂಬಿಕೆಯ ಸಾಕ್ಷಿ. ಆದರೆ ಅದು ಬರುವುದೇ ತಡವಾಗಿ, ಸಾಮಾನ್ಯವಾಗಿ ಆರನೇ ವಾರದ ಹೊತ್ತಿಗೆ. ವಾಂತಿ ಯಾಕೆ ಬರುತ್ತದೆ ಅನ್ನುವುದಕ್ಕೆ ವಿಜ್ಞಾನಿಗಳು ಗಟ್ಟಿ ಉತ್ತರ ಕಂಡುಕೊಂಡದ್ದೂ ಇತ್ತೀಚೆಗೆ. ಜಿಡಿಎಫ್15 ಎಂಬ ಹಾರ್ಮೋನು ಇದರ ಹಿಂದಿದೆ ಅಂತ 2023ರ ಡಿಸೆಂಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಅದುವರೆಗೆ ಎಷ್ಟು ಹೆಂಗಸರಿಗೆ ‘ಎಲ್ಲಾ ನಿನ್ನ ಮನಸ್ಸಿನ ಭ್ರಮೆ’ ಅಂತ ಹೇಳಿ ಕಳಿಸಿದ್ದರೋ.

ಇನ್ನೊಂದು ಮೋಸದ ಗುರುತು, ಭ್ರೂಣ ಅಂಟಿಕೊಳ್ಳುವ ಆಸುಪಾಸಿನಲ್ಲಿ ಕೆಲವರಿಗೆ ಕಾಣಿಸುವ ಒಂದೆರಡು ಹನಿ ರಕ್ತ. ‘ಈ ಸಲ ಕಡಿಮೆ ಆಯ್ತು’ ಅಂತ ಅದನ್ನು ಮುಟ್ಟಿನ ಲೆಕ್ಕಕ್ಕೆ ಹಾಕಿಬಿಟ್ಟರೆ ಹೆರಿಗೆಯ ದಿನವೇ ಒಂದು ತಿಂಗಳು ಹಿಂದು ಮುಂದಾಗುತ್ತದೆ.

ನಮ್ಮ ಅಜ್ಜಿಯರಿಗೆ ಈ ಕಾರ್ಡಿರಲಿಲ್ಲ, ದಿನದ ಲೆಕ್ಕವಿತ್ತು. ‘ಯಾವಾಗ ನೀರು ಹಾಕ್ಕಂಡಿದ್ದೆ?’, ಅಂದರೆ ಯಾವಾಗ ಮುಟ್ಟಾಗಿದ್ದೆ, ಅನ್ನುವುದೇ ಅವರ ಮೊದಲ ಪ್ರಶ್ನೆ. ಉತ್ತರವೂ ತಾರೀಖಿನಲ್ಲಿ ಬರುತ್ತಿರಲಿಲ್ಲ, ‘ಹಿರಿಯೂರು ತೇರಿನ ಮಾರನೇ ದಿನ’, ‘ಶೇಂಗಾ ಕೀಳೋಕೆ ಶುರು ಮಾಡಿದ ವಾರ’ ಅಂತ ಬರುತ್ತಿತ್ತು. ಇವತ್ತಿಗೂ ಆಶಾ ಅಕ್ಕ ಅದನ್ನು ಕೇಳಿಸಿಕೊಂಡು ಕ್ಯಾಲೆಂಡರ್ ತಿರುವಿ ತಾರೀಖು ಮಾಡಿಕೊಳ್ಳುತ್ತಾಳೆ. ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸಿದರೆ ಹೆರಿಗೆಯ ಅಂದಾಜು ದಿನ. ಸ್ಕ್ಯಾನಿಂಗ್ ಬಂದ ಮೇಲೂ ಡಾಕ್ಟರು ಕೇಳುವ ಮೊದಲ ಪ್ರಶ್ನೆ ಅಜ್ಜಿಯ ಪ್ರಶ್ನೆಯೇ. ನಾನು ಬೆಳೆದ ಮನೆಯಲ್ಲಿ ಅಡುಗೆಮನೆ ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ ತಿಂಗಳಿಗೊಂದು ಪುಟ್ಟ ಸೊನ್ನೆ ಇರುತ್ತಿತ್ತು. ಬಹಳ ದಿನ ಅದನ್ನು ಗ್ಯಾಸ್ ಸಿಲಿಂಡರಿನ ಲೆಕ್ಕ ಅಂದುಕೊಂಡಿದ್ದೆ.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಈ ಸೀಮೆಗೆ ಹೊರಗಿನವರಲ್ಲ. ಸಾವಿರಾರು ಹೆರಿಗೆ ಮಾಡಿಸಿದ ಆ ತಾಯಿಗೆ 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಅಂಥವರ ಕೈಗೆ ಹೊಟ್ಟೆಯೊಳಗಿನ ಮಗು ಹೇಗೆ ಮಲಗಿದೆ ಅನ್ನುವುದು ತಿಳಿಯುತ್ತಿತ್ತು. ಆದರೆ ಎಂಥ ಪಳಗಿದ ಕೈಗೂ ಒಂದು ಮಿತಿ ಇದೆ. ಗರ್ಭಕೋಶ ಕಿಬ್ಬೊಟ್ಟೆಯ ಮೂಳೆಯ ಮೇಲಕ್ಕೆ ಬಂದು ಕೈಗೆ ಸಿಗುವುದೇ ಹನ್ನೆರಡು ವಾರದ ಹೊತ್ತಿಗೆ. ದಿನ ದಾಟಿದಾಗಿನಿಂದ ಅಲ್ಲಿಯವರೆಗಿನ ಎರಡು ತಿಂಗಳು ಎಲ್ಲ ಕಾಲದಲ್ಲೂ ಕತ್ತಲೆಯದ್ದೇ. ‘ಮೂರು ತಿಂಗಳು ಯಾರಿಗೂ ಹೇಳಬಾರದು’ ಅನ್ನುವ ರೂಢಿ ಹುಟ್ಟಿದ್ದು ಈ ಕತ್ತಲೆಯಿಂದಲೇ ಇರಬೇಕು ಅಂತ ನನ್ನ ಊಹೆ.

ಈ ಕತ್ತಲೆಗೆ ದೀಪ ಹಿಡಿಯಲು ಮನುಷ್ಯರು ಮಾಡದ ಕಸರತ್ತಿಲ್ಲ. ಮೂರು ಸಾವಿರ ವರ್ಷಕ್ಕೂ ಹಿಂದೆ ಈಜಿಪ್ಟಿನಲ್ಲಿ ಗೋಧಿ ಮತ್ತು ಜವೆಗೋಧಿಯ ಬೀಜಗಳ ಮೇಲೆ ದಿನವೂ ಆ ಹೆಂಗಸಿನ ಮೂತ್ರ ಹುಯ್ಯಿಸುತ್ತಿದ್ದರು. ಮೊಳೆತರೆ ಬಸಿರು. ಬಬ್ಬೂರು ಫಾರಂನ ಕೃಷಿ ಸಂಶೋಧನಾ ಕೇಂದ್ರದವರು ಇದನ್ನು ಓದಿ ನಗಬಹುದು. ನಗುವ ಮುಂಚೆ ಇದನ್ನೂ ಓದಲಿ. 1963ರಲ್ಲಿ ಕೈರೋದ ಸಂಶೋಧಕರು ಅದನ್ನೇ ಮಾಡಿ ನೋಡಿದಾಗ ಬಸುರಿಯರ ಮೂತ್ರಕ್ಕೆ ನೂರಕ್ಕೆ ಎಪ್ಪತ್ತರ ಆಸುಪಾಸು ಮೊಳಕೆ ಬಂದಿತ್ತು, ಬಸಿರಿಲ್ಲದವರ ಮೂತ್ರಕ್ಕೆ ಬರಲಿಲ್ಲ. 1927ರ ಹೊತ್ತಿಗೆ ಬರ್ಲಿನ್‌ನಲ್ಲಿ ಆಶ್‌ಹೈಮ್ ಮತ್ತು ಝೊಂಡೆಕ್ ಇಲಿಮರಿಗಳಿಗೆ ಮೂತ್ರ ಚುಚ್ಚಿ, ಅವುಗಳನ್ನು ಕೊಂದು, ಅಂಡಾಶಯ ನೋಡುತ್ತಿದ್ದರು. ಆಮೇಲೆ ಮೊಲ ಬಂತು, ಆಫ್ರಿಕಾದ ಕಪ್ಪೆ ಬಂತು. ಕಪ್ಪೆ ಸಾಯಬೇಕಿರಲಿಲ್ಲ, ಮೊಟ್ಟೆ ಇಟ್ಟರೆ ಸಾಕಿತ್ತು. ಮನೆಯಲ್ಲೇ ನೋಡಿಕೊಳ್ಳುವ ಕಿಟ್ಟನ್ನು 1967ರಲ್ಲಿ ರೂಪಿಸಿದವಳು ವಿಜ್ಞಾನಿಯಲ್ಲ, ಅಮೆರಿಕದಲ್ಲಿ ಔಷಧ ಕಂಪನಿಯೊಂದರ ಡಿಸೈನರ್ ಆಗಿದ್ದ ಮಾರ್ಗರೆಟ್ ಕ್ರೇನ್ ಎಂಬ ಇಪ್ಪತ್ತಾರರ ಹುಡುಗಿ. ಪೇಟೆಂಟನ್ನು ಕಂಪನಿಗೆ ಬಿಟ್ಟುಕೊಟ್ಟದ್ದಕ್ಕೆ ಅವಳಿಗೆ ನಿಗದಿಯಾದ ಮೊತ್ತ ಒಂದು ಡಾಲರ್. ಆ ಒಂದು ಡಾಲರ್ ಕೂಡ ಕೈಗೆ ಬರಲಿಲ್ಲ ಅಂತ ಅವಳೇ ಹೇಳಿದ್ದಾಳೆ. ಹೆಂಗಸರ ಕೈಗೆ ಇಂಥ ಸುದ್ದಿ ನೇರವಾಗಿ ಸಿಗಬಾರದು, ಡಾಕ್ಟರ ಮೂಲಕವೇ ಬರಬೇಕು ಅನ್ನುವ ವಿರೋಧ ಆಗ ಜೋರಾಗಿತ್ತು.

ಆ ವಿರೋಧ ನಮ್ಮಲ್ಲಿ ಬೇರೆ ವೇಷದಲ್ಲಿದೆ. ಹಿರಿಯೂರು, ಚಳ್ಳಕೆರೆ, ಶಿರಾ ಕಡೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವರು, ಬಾಣಂತಿಯರು ಹಟ್ಟಿಯ ಹೊರಗೆ ಇರಬೇಕೆಂಬ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಅಂಥ ಕಡೆ ಒಬ್ಬಳು ಈ ತಿಂಗಳು ಹೊರಗೆ ಕೂರಲಿಲ್ಲ ಅನ್ನುವುದೇ ಊರಿಗೆಲ್ಲ ಸುದ್ದಿ. ಕಾರ್ಡು ನೋಡಿಕೊಳ್ಳುವ ಮುಂಚೆಯೇ ಫಲಿತಾಂಶ ಊರ ಬಾಯಲ್ಲಿರುತ್ತದೆ. ನನಗೆ ಭಯವಾಗುವುದು ಅದಕ್ಕಲ್ಲ. ಬಸಿರಿನ ಆರಂಭದಲ್ಲಿ ರಕ್ತ ಕಂಡವಳನ್ನು ‘ಮುಟ್ಟಾಗಿದಾಳೆ’ ಅಂತ ಹೊರಗೆ ಕೂರಿಸಿದರೆ, ಆಸ್ಪತ್ರೆಗೆ ಹೋಗಬೇಕಾದವಳು ಗುಡಿಸಲಿಗೆ ಹೋದಂತಾಗುತ್ತದೆ. ಹಟ್ಟಿಯಲ್ಲಷ್ಟೇ ಅಲ್ಲ, ಮುಟ್ಟನ್ನು ಮೂಲೆಗೆ ತಳ್ಳುವ ನಮ್ಮ ಎಲ್ಲ ಮನೆಗಳಿಗೂ ಈ ಮಾತು ಸಲ್ಲುತ್ತದೆ.

ಯಾಕೆಂದರೆ ಆ ರಕ್ತಕ್ಕೆ ಎರಡು ಅರ್ಥ ಇರಬಹುದು. ಒಂದು, ಬಂದದ್ದು ನಿಲ್ಲಲಿಲ್ಲ ಅಂತ. ಸೋಮವಾರ ಮಸುಕು ಗೆರೆ, ಗುರುವಾರ ಗೆರೆಯೇ ಇಲ್ಲ, ಶುಕ್ರವಾರ ಮುಟ್ಟು. ಕಾರ್ಡು ಸುಳ್ಳು ಹೇಳಲಿಲ್ಲ, ಎರಡೂ ದಿನ ನಿಜವನ್ನೇ ಹೇಳಿತು. ಭ್ರೂಣ ಅಂಟಿಕೊಂಡಿತ್ತು, ಬೆಳೆಯಲಿಲ್ಲ. 1988ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಹೆಸರುವಾಸಿ ಅಧ್ಯಯನದಲ್ಲಿ, ನೂರು ಬಸಿರಿಗೆ ಇಪ್ಪತ್ತೆರಡು ಹೀಗೆ ಯಾರಿಗೂ ಗೊತ್ತಾಗುವ ಮೊದಲೇ ಹೋಗಿದ್ದವು. ಅಜ್ಜಿಯರ ಕಾಲದಲ್ಲಿ ಇದಕ್ಕೆ ‘ನಾಲ್ಕು ದಿನ ತಡವಾಯ್ತು’ ಅನ್ನುತ್ತಿದ್ದರು, ಅಷ್ಟಕ್ಕೇ ಮುಗಿಯುತ್ತಿತ್ತು. ಕಾರ್ಡು ಬಂದು ಅದಕ್ಕೊಂದು ಹೆಸರು, ಒಂದು ದುಃಖ ಕೊಟ್ಟಿತು. ಹೆಚ್ಚಾಗಿ ಇದು ಭ್ರೂಣದ ವರ್ಣತಂತುಗಳ ಎಡವಟ್ಟು. ಭಾರ ಎತ್ತಿದ್ದಕ್ಕೆ, ಬಸ್ಸಿನಲ್ಲಿ ಹೋದದ್ದಕ್ಕೆ, ಪಪ್ಪಾಯಿ ತಿಂದದ್ದಕ್ಕೆ ಆದದ್ದಲ್ಲ. ಈ ಒಂದು ವಾಕ್ಯವನ್ನು ಅತ್ತೆಯರು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಳ್ಳಲಿ.

ಇನ್ನೊಂದು ಅರ್ಥ ಅಪಾಯದ್ದು. ನೂರಕ್ಕೆ ಒಂದೆರಡು ಬಸಿರು ಗರ್ಭಕೋಶದಲ್ಲಿ ಕೂರದೆ ಪಕ್ಕದ ನಾಳದಲ್ಲೇ ಕೂತುಬಿಡುತ್ತದೆ. ಅಲ್ಲಿ ಜಾಗವಿಲ್ಲ, ಬೆಳೆದರೆ ನಾಳ ಒಡೆಯುತ್ತದೆ, ರಕ್ತ ಹೊಟ್ಟೆಯೊಳಗೇ ಸುರಿಯುತ್ತದೆ. ಕಾರ್ಡು ಇದನ್ನೂ ಬಸಿರು ಅಂತಲೇ ತೋರಿಸುತ್ತದೆ. ಬಸಿರು ಎಲ್ಲಿದೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ಇಂಥ ಬಸಿರಿನಲ್ಲಿ ಹಾರ್ಮೋನು ಎಷ್ಟೋ ಸಲ ನಿಧಾನ ಏರುವುದರಿಂದ ಗೆರೆ ದಿನಗಟ್ಟಲೆ ಮಸುಕಾಗಿಯೇ ಇರಬಹುದು. ಗುರುತುಗಳು ಇವು: ಕಿಬ್ಬೊಟ್ಟೆಯ ಒಂದು ಪಕ್ಕಕ್ಕೆ ಹಿಡಿದ ನೋವು, ಕಂದು ಅಥವಾ ಕೆಂಪು ರಕ್ತ, ತಲೆಸುತ್ತು, ಕಣ್ಣು ಕತ್ತಲೆ ಬರುವುದು, ಮತ್ತು ಯಾರೂ ಊಹಿಸದ ಒಂದು, ಭುಜದ ತುದಿಯಲ್ಲಿ ನೋವು. ಹೊಟ್ಟೆಯೊಳಗೆ ಸೋರಿದ ರಕ್ತ ಎದೆ ಹೊಟ್ಟೆಗಳ ನಡುವಿನ ಪೊರೆಯಾದ ವಪೆಯನ್ನು ಕೆಣಕಿದರೆ ನೋವು ಭುಜದಲ್ಲಿ ಕಾಣಿಸುತ್ತದೆ. ‘ಗ್ಯಾಸ್ಟ್ರಿಕ್ ಇರಬೇಕು’ ಅಂತ ಸೋಡಾ ಕುಡಿದು ಮಲಗುವ ಹೊತ್ತಲ್ಲ ಅದು.

ಬೇಡದ ಬಸಿರು ಅಂತ ಅಂಗಡಿಯಿಂದ ಮಾತ್ರೆ ತಂದು ನುಂಗುವವರಿಗೂ ಇಲ್ಲೇ ಗಂಡಾಂತರ. ಬಸಿರು ನಾಳದಲ್ಲಿದ್ದರೆ ಆ ಮಾತ್ರೆ ಕೆಲಸ ಮಾಡುವುದಿಲ್ಲ, ರಕ್ತ ಹೋದದ್ದನ್ನು ನೋಡಿ ‘ಮುಗೀತು’ ಅಂದುಕೊಂಡವಳ ನಾಳ ಒಡೆಯುತ್ತಿರುತ್ತದೆ. ನಮ್ಮ ಕಾನೂನು ಹಾಕಿದ ಮಿತಿಯೊಳಗೆ ನೋಂದಾಯಿತ ವೈದ್ಯರ ಕೈಯಲ್ಲಿ ಗರ್ಭಪಾತ ಅಪರಾಧವಲ್ಲ, ಗುಟ್ಟು ಕಾಪಾಡಬೇಕೆಂದೂ ಕಾನೂನಿದೆ. 2021ರ ತಿದ್ದುಪಡಿಯ ನಂತರ ಗರ್ಭನಿರೋಧಕ ಕೈಕೊಟ್ಟು ಆದ ಬಸಿರಿಗೆ ಮದುವೆಯಾಗಿದೆಯೇ ಎಂಬ ಷರತ್ತೂ ಇಲ್ಲ. ಹೋಗಬೇಕಾದ್ದು ಡಾಕ್ಟರ ಹತ್ತಿರ, ಕೌಂಟರಿಗಲ್ಲ.

ಗೆರೆ ಬೀಳದೆ, ಮುಟ್ಟೂ ಬಾರದೆ ಉಳಿಯುವವರ ಪಾಡು ಬೇರೆ. ಪಿಸಿಒಡಿ, ಥೈರಾಯ್ಡ್, ತೂಕದ ಏರುಪೇರು, ಪರೀಕ್ಷೆಯ ದಿಗಿಲು, ಎಲ್ಲವೂ ಮುಟ್ಟನ್ನು ಮುಂದೂಡಬಲ್ಲವು. ತಿಂಗಳ ಲೆಕ್ಕ 35 ದಿನದ್ದಿರುವವಳಿಗೆ ಅಂಡ ಬಿಡುಗಡೆಯಾಗುವುದೇ ಸುಮಾರು 21ನೇ ದಿನ. ಅವಳು 28 ದಿನದವಳ ಲೆಕ್ಕದಲ್ಲಿ ನೋಡಿಕೊಂಡರೆ ಕಾರ್ಡು ಬಿಳಿಯಾಗಿರುವುದರಲ್ಲಿ ಅಚ್ಚರಿಯಿಲ್ಲ. ಎದೆಹಾಲು ಕೊಡುತ್ತಿರುವವರು ‘ಇನ್ನೂ ಮುಟ್ಟೇ ಆಗಿಲ್ಲ, ಬಸಿರೆಲ್ಲಿಂದ’ ಅಂತ ನಿಶ್ಚಿಂತೆಯಿಂದ ಇರಬಾರದು, ಮೊದಲ ಮುಟ್ಟಿಗೆ ಮುಂಚೆಯೇ ಅಂಡ ಬಿಡುಗಡೆಯಾಗಬಹುದು. ಬಂಜೆತನದ ಚಿಕಿತ್ಸೆಯಲ್ಲಿ ಎಚ್‌ಸಿಜಿ ಇಂಜೆಕ್ಷನ್ ತೆಗೆದುಕೊಂಡವರಿಗೆ ಅದೇ ಔಷಧ ಹತ್ತು ಹದಿನಾಲ್ಕು ದಿನ ಮೂತ್ರದಲ್ಲಿ ಉಳಿದು ಗೆರೆ ಮೂಡಿಸುತ್ತದೆ. ಬ್ಯಾಂಕಿಗೆ ಹಾಕಿದ ದುಡ್ಡನ್ನೇ ಬಡ್ಡಿ ಅಂದುಕೊಂಡಂತೆ ಅದು.

ಹಾಗಾದರೆ ಇಷ್ಟು ಬೇಗ ತಿಳಿದುಕೊಳ್ಳುವ ಅವಸರವಾದರೂ ಏಕೆ? ಒಂದು ಗಟ್ಟಿ ಕಾರಣ ಇದೆ. ಮಗುವಿನ ಮಿದುಳು, ಬೆನ್ನುಹುರಿ ಆಗುವ ನಾಳ ಮುಚ್ಚಿಕೊಳ್ಳುವುದು ಕೊನೆಯ ಮುಟ್ಟಿನಿಂದ ಆರನೇ ವಾರದೊಳಗೆ, ಅಂದರೆ ದಿನ ದಾಟಿ ಎರಡು ವಾರದೊಳಗೆ. ಮೊದಲ ಮೂರು ತಿಂಗಳು ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಕೊಡುವುದು ಅದಕ್ಕೇ, ಬಸಿರಾಗುವ ಮುಂಚಿನಿಂದಲೇ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಫಿಟ್ಸ್ ಮಾತ್ರೆ ನುಂಗುತ್ತಿರುವವರು ತಾವಾಗಿ ನಿಲ್ಲಿಸದೆ ಕೂಡಲೇ ಡಾಕ್ಟರಿಗೆ ಹೇಳಬೇಕು. ಎಲೆಯಡಿಕೆಗೆ ಹೊಗೆಸೊಪ್ಪು ಹಾಕಿಕೊಳ್ಳುವವರು ಆವತ್ತೇ ಬಿಡಬೇಕು. ಹನ್ನೆರಡು ವಾರದೊಳಗೆ ಹೆಸರು ಬರೆಸಿ ತಾಯಿ ಕಾರ್ಡು ಮಾಡಿಸಿಕೊಳ್ಳಬೇಕು. ಪ್ರತಿ ತಿಂಗಳು 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಡಾಕ್ಟರ ತಪಾಸಣೆ ಇರುತ್ತದೆ, 2016ರಿಂದ ನಡೆದುಬಂದ ವ್ಯವಸ್ಥೆ ಅದು.

ಮಾರಿಕಣಿವೆಯ ಡ್ಯಾಮಿಗೂ ಬೆಂಗಳೂರಿನ ದೊಡ್ಡ ಹೆರಿಗೆ ಆಸ್ಪತ್ರೆಗೂ ಒಬ್ಬಳೇ ತಾಯಿಯ ಹೆಸರಿದೆ. ಮಗ ಚಿಕ್ಕವನಿದ್ದಾಗ ಮೈಸೂರನ್ನು ಆಳಿದ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರದು. ನಮ್ಮ ನೀರಿಗೂ ನಮ್ಮ ಹೆರಿಗೆಗೂ ಅದೇ ಹೆಸರು ಕೂಡಿ ಬಂದದ್ದು ಆಕಸ್ಮಿಕ, ಆದರೂ ಈ ಲೇಖನ ಬರೆಯುವಾಗ ಅದು ನೆನಪಾಗದೆ ಇರಲಿಲ್ಲ.

ಬೆಳಗಿನ ಜಾವದ ಆ ಫೋಟೊಗೆ ಆಶಾ ಅಕ್ಕ ಕೊಡಬಹುದಾದ ಉತ್ತರ ಚಿಕ್ಕದು. ‘ಹೊಟ್ಟೆ ನೋವು ಐತೇನವ್ವ? ರಕ್ತ ಏನಾದ್ರೂ? ಇಲ್ಲಾಂದ್ರೆ ನಾಡಿದ್ದು ಎದ್ದ ತಕ್ಷಣ, ನೀರು ಕುಡಿಯೋಕೆ ಮುಂಚೆ ಇನ್ನೊಂದು ನೋಡು. ಐದು ನಿಮಿಷಕ್ಕೇ ನೋಡು.’ ನೋವಿದ್ದರೆ ನಾಡಿದ್ದರ ಮಾತಿಲ್ಲ, 108ಕ್ಕೆ ಫೋನ್ ಮಾಡಿ ಹಿರಿಯೂರು ಆಸ್ಪತ್ರೆಗೆ. ಎರಡನೇ ಕಾರ್ಡಿಗೆ ಮತ್ತೆ ಅರವತ್ತು ರೂಪಾಯಿ ಎಲ್ಲಿಂದ ಅನ್ನುವವರು ನಿಶ್ಚಯ್ ಕೇಳಿ. ಅದಕ್ಕೆ ದುಡ್ಡಿಲ್ಲ, ಕಪ್ಪು ಕವರೂ ಬೇಕಿಲ್ಲ.